ಎರಡು ವರ್ಷ ಐರನ್ ಮಾತ್ರೆ ತಗೊಂಡರೂ ಹಿಮೋಗ್ಲೋಬಿನ್ ಏರಲಿಲ್ಲ, ಯಾಕೆ?

ಪ್ರಶ್ನೆ: ನನಗೆ 27 ವರ್ಷ. ಮನೆ ವಿಜಯನಗರ, ಕೆಲಸ ವೈಟ್‌ಫೀಲ್ಡ್‌ನಲ್ಲಿ. ಕಾಲೇಜಿನ ದಿನಗಳಿಂದಲೂ ರಕ್ತ ಕಮ್ಮಿ ಅಂತ ಹೇಳುತ್ತಾ ಬಂದಿದ್ದಾರೆ. ಎರಡು ವರ್ಷದಿಂದ ದಿನಾ ಐರನ್ ಮಾತ್ರೆ ತಗೊಳ್ಳುತ್ತಿದ್ದೇನೆ. ಹಿಮೋಗ್ಲೋಬಿನ್ 10.3ರ ಆಸುಪಾಸಿನಲ್ಲೇ ನಿಂತಿದೆ. ತಂಗಿಗೆ 9.1 ಇತ್ತು. ಅದೇ ಮಾತ್ರೆ ಮೂರು ತಿಂಗಳು ತಗೊಂಡು ಅವಳು 11.8ಕ್ಕೆ ಬಂದಳು. ಅಮ್ಮನಿಗೂ ಮೊದಲಿನಿಂದ ರಕ್ತ ಕಮ್ಮಿ. ನನ್ನ ಮೈಗೆ ಕಬ್ಬಿಣ ಹತ್ತುವುದೇ ಇಲ್ವಾ? ಐರನ್ ಡ್ರಿಪ್ ಹಾಕಿಸಿಕೋ ಅಂತ ಒಬ್ಬರು ಹೇಳಿದ್ದಾರೆ. ಬೀಟ್‌ರೂಟ್ ಜ್ಯೂಸ್, ದಾಳಿಂಬೆ ತಗೊಂಡರೆ ರಕ್ತ ಏರುತ್ತದಾ? ಬರುವ ಮಾಘದಲ್ಲಿ ನನ್ನ ಮದುವೆ. ನಮ್ಮಿಬ್ಬರ ರಿಪೋರ್ಟನ್ನೂ ಕಳಿಸಿದ್ದೇನೆ.

ಉತ್ತರ: ಮೊದಲು ಡ್ರಿಪ್ ವಿಷಯ ಹೇಳಿಬಿಡುತ್ತೇನೆ. ಈಗ ಹಾಕಿಸಿಕೊಳ್ಳಬೇಡಿ. ನಿಮ್ಮ ರಿಪೋರ್ಟ್ ನೋಡಿದರೆ ನಿಮಗೆ ಕಬ್ಬಿಣದ ಕೊರತೆ ಇದೆ ಅಂತ ನನಗೆ ಅನ್ನಿಸುತ್ತಿಲ್ಲ. ಕೊರತೆ ಇಲ್ಲದವರಿಗೆ ಕಬ್ಬಿಣ ಕೊಟ್ಟರೆ ಹಿಮೋಗ್ಲೋಬಿನ್ ಏರುವುದಿಲ್ಲ. ಎರಡು ವರ್ಷದಿಂದ ಆಗಿರುವುದು ಇಷ್ಟೇ. ನೀವು ಸರಿಯಾಗಿ ಊಟ ಮಾಡದೆ ಹೀಗಾಗಿದೆ ಅಂತ ಯಾರಾದರೂ ಬೈದಿದ್ದರೆ ಅದನ್ನು ಮರೆತುಬಿಡಿ.

ಇಬ್ಬರ ರಿಪೋರ್ಟನ್ನೂ ಕಳಿಸಿದ್ದು ಬಹಳ ಒಳ್ಳೆಯದಾಯಿತು. ನಮ್ಮಲ್ಲಿ ಜಾಸ್ತಿ ಜನ ರಿಪೋರ್ಟಿನ ಮೊದಲ ಸಾಲು, ಅಂದರೆ ಹಿಮೋಗ್ಲೋಬಿನ್, ನೋಡಿ ಕಾಗದ ಮಡಚಿಡುತ್ತಾರೆ. ನೀವು ಎರಡನ್ನೂ ಟೇಬಲ್ ಮೇಲೆ ಅಕ್ಕಪಕ್ಕ ಇಟ್ಟು ಕೆಳಗಿನ ಸಾಲುಗಳಿಗೆ ಬನ್ನಿ.

ನಿಮ್ಮ ಕೆಂಪು ಕಣಗಳ ಎಣಿಕೆ 5.6 ಮಿಲಿಯನ್ ಅಂತ ಇದೆ. ಅಂದರೆ ಒಂದು ಮೈಕ್ರೋಲೀಟರ್ ರಕ್ತದಲ್ಲಿ 56 ಲಕ್ಷ ಕಣ. ಹೆಂಗಸರಲ್ಲಿ ಸಾಮಾನ್ಯವಾಗಿ ಇರುವುದು 38ರಿಂದ 48 ಲಕ್ಷ. ರಕ್ತ ಕಮ್ಮಿ ಅಂತ ಹೇಳಿಸಿಕೊಂಡ ನಿಮ್ಮಲ್ಲಿ ಕಣಗಳು ಜಾಸ್ತಿಯೇ ಇವೆ! ಅದರ ಕೆಳಗೆ ಎಂಸಿವಿ ಅಂತ ಇದೆಯಲ್ಲ, ಅದು ಒಂದು ಕಣದ ಸರಾಸರಿ ಗಾತ್ರ. 80ರಿಂದ 100ರ ನಡುವೆ ಇರಬೇಕು. ನಿಮ್ಮದು 61. ಕಣಗಳು ತುಂಬಾ ಇವೆ, ಆದರೆ ಪುಟ್ಟ ಪುಟ್ಟವು. ಇನ್ನು ಫೆರಿಟಿನ್. ಅದು ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ. ನಿಮ್ಮದು 88.

ತಂಗಿಯ ಹಳೆಯ ರಿಪೋರ್ಟ್ ನೋಡಿ. ಕಣಗಳ ಎಣಿಕೆ 4.2, ಎಂಸಿವಿ 70, ಫೆರಿಟಿನ್ ಬರೀ 6. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಆರೋಗ್ಯವಾಗಿರುವ ದೊಡ್ಡವರಲ್ಲಿ ಫೆರಿಟಿನ್ 15ಕ್ಕಿಂತ ಕೆಳಗಿದ್ದರೆ ಕಬ್ಬಿಣದ ಕೊರತೆ. ಅವಳ ಉಗ್ರಾಣ ಖಾಲಿಯಾಗಿತ್ತು. ಮಾತ್ರೆ ಬಿದ್ದ ಕೂಡಲೇ ಹಿಮೋಗ್ಲೋಬಿನ್ ಏರಿತು. ನಿಮ್ಮ ಉಗ್ರಾಣ ಖಾಲಿ ಇರಲಿಲ್ಲ. ಜ್ವರ, ಸೋಂಕು, ಉರಿಯೂತ ಇದ್ದಾಗ ಫೆರಿಟಿನ್ ಸುಳ್ಳು ಏರಿಕೆ ತೋರಿಸುತ್ತದೆ, ನಿಜ. ಹಾಗಾಗಿ ಅಂಥವರಿಗೆ ಗಡಿಯನ್ನು 70ಕ್ಕೆ ಏರಿಸಿದ್ದಾರೆ. ನೀವು ಅದನ್ನೂ ದಾಟಿದ್ದೀರಿ.

ಒಂದು ಸಣ್ಣ ಲೆಕ್ಕ ಮಾಡಿ. ಎಂಸಿವಿಯನ್ನು ಕಣಗಳ ಎಣಿಕೆಯಿಂದ ಭಾಗಿಸಿ. ನಿಮ್ಮದು 61 ಭಾಗ 5.6, ಸುಮಾರು 10.9. ತಂಗಿಯದು 70 ಭಾಗ 4.2, ಸುಮಾರು 16.7. ಮೆಂಟ್ಜರ್ ಅನ್ನುವ ವೈದ್ಯರು 1973ರಲ್ಲಿ ಹೇಳಿಕೊಟ್ಟ ಲೆಕ್ಕ ಇದು. 13ಕ್ಕಿಂತ ಜಾಸ್ತಿ ಬಂದರೆ ಕಬ್ಬಿಣದ ಕೊರತೆಯ ಕಡೆ ನೋಡಿ, ಕಮ್ಮಿ ಬಂದರೆ ಥಲಸೀಮಿಯಾ ಅನ್ನುವ, ಹುಟ್ಟಿನಿಂದ ಬರುವ ರಕ್ತದ ತೊಂದರೆಯ ಕಡೆ ನೋಡಿ ಅಂತ. ಇದೇ ಕೊನೆಯ ತೀರ್ಮಾನ ಅಲ್ಲ. ಆದರೆ ಫೋನಿನ ಕ್ಯಾಲ್ಕುಲೇಟರ್‌ನಲ್ಲಿ ಅರ್ಧ ನಿಮಿಷದಲ್ಲಿ ಆಗುವ ಈ ಲೆಕ್ಕವನ್ನು ಎರಡು ವರ್ಷದಲ್ಲಿ ಯಾರೂ ಮಾಡಲಿಲ್ಲ ಅನ್ನುವುದು ನನಗೆ ಬೇಸರ ತರಿಸಿತು.

ನನ್ನ ಅನುಮಾನ ಹೇಳುತ್ತೇನೆ. ನೀವು ಬೀಟಾ ಥಲಸೀಮಿಯಾ ಮೈನರ್ ಇರಬಹುದು. ಹೆಸರು ಕೇಳಿ ಗಾಬರಿಯಾಗಬೇಡಿ. ಇದು ಕಾಯಿಲೆ ಅಲ್ಲ. ಹುಟ್ಟಿನಿಂದ ಬಂದ ಒಂದು ಗುಣ. ನಮ್ಮ ದೇಶದಲ್ಲಿ ನೂರಕ್ಕೆ ಮೂರು ನಾಲ್ಕು ಜನರಲ್ಲಿ ಇದು ಇದೆ. ಹೆಚ್ಚಿನವರಿಗೆ ಗೊತ್ತೇ ಇರುವುದಿಲ್ಲ.

ಹಿಮೋಗ್ಲೋಬಿನ್ ಅಂದರೆ ಬರೀ ಕಬ್ಬಿಣ ಅಲ್ಲ. ಗ್ಲೋಬಿನ್ ಅನ್ನುವ ಪ್ರೋಟೀನಿನ ನಾಲ್ಕು ಎಳೆ, ಎರಡು ಆಲ್ಫಾ, ಎರಡು ಬೀಟಾ. ಒಂದೊಂದು ಎಳೆಯ ಮಡಿಲಲ್ಲಿ ಒಂದೊಂದು ಕಬ್ಬಿಣದ ಪರಮಾಣು. ಬೀಟಾ ಎಳೆ ಮಾಡುವ ಜೀನ್ ಅಮ್ಮನಿಂದ ಒಂದು, ಅಪ್ಪನಿಂದ ಒಂದು ಬಂದಿರುತ್ತದೆ. ಮೈನರ್ ಇರುವವರಲ್ಲಿ ಈ ಎರಡರಲ್ಲಿ ಒಂದು ಸರಿಯಾಗಿ ಕೆಲಸ ಮಾಡುವುದಿಲ್ಲ. ಯುಗಾದಿಯ ಅಡುಗೆಮನೆ ನೆನಪು ಮಾಡಿಕೊಳ್ಳಿ. ಹೂರಣ ಬೇಕಾದಷ್ಟಿದೆ, ಕಣಕ ಕಮ್ಮಿ ಬಿದ್ದಿದೆ. ಏನು ಮಾಡುತ್ತೀರಿ? ಉಂಡೆ ಚಿಕ್ಕದು ಮಾಡಿ, ಪುಟ್ಟ ಪುಟ್ಟ ಹೋಳಿಗೆ ಜಾಸ್ತಿ ತಟ್ಟುತ್ತೀರಿ. ನಿಮ್ಮ ಮೂಳೆಮಜ್ಜೆ ಮಾಡುತ್ತಿರುವುದೂ ಅದನ್ನೇ. ಅದಕ್ಕೇ ಕಣ ಪುಟ್ಟದು, ಎಣಿಕೆ ಜಾಸ್ತಿ. ಇಲ್ಲಿ ಕಬ್ಬಿಣ ಅಂದರೆ ಹೂರಣ, ಬೀಟಾ ಎಳೆ ಅಂದರೆ ಕಣಕ. ಎರಡು ವರ್ಷ ನೀವು ಹೂರಣ ರುಬ್ಬುತ್ತಲೇ ಇದ್ದೀರಿ.

ಹೋಗಲಿ, ಜಾಸ್ತಿ ಕಬ್ಬಿಣ ತಗೊಂಡರೆ ಏನಾಯಿತು, ಬೇಡವಾದ್ದು ಹೊರಗೆ ಹೋಗುತ್ತದೆ ಅಲ್ವಾ ಅಂತ ನೀವು ಕೇಳಬಹುದು. ನನ್ನ ಹತ್ತಿರ ಬರುವವರಲ್ಲಿ ಹತ್ತರಲ್ಲಿ ಎಂಟು ಜನ ಕೇಳುತ್ತಾರೆ. ನಾನು ಇಪ್ಪತ್ತು ವರ್ಷದಿಂದ ಕೆಲಸ ಮಾಡುತ್ತಿರುವುದು ಇದರ ಮೇಲೇ. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಹೋಗುವುದಿಲ್ಲ. ನೀರು ಜಾಸ್ತಿ ಕುಡಿದರೆ ಮೂತ್ರದಲ್ಲಿ ಹೋಗುತ್ತದೆ. ಉಪ್ಪೂ ಹಾಗೇ. ಕಬ್ಬಿಣಕ್ಕೆ ಅಂಥ ದಾರಿಯೇ ಇಲ್ಲ. ಇಂಗ್ಲೆಂಡಿನ ಮೆಕ್ಯಾನ್ಸ್ ಮತ್ತು ಎಲ್ಸಿ ವಿಡೋಸನ್ 1937ರಲ್ಲೇ ಇದನ್ನು ಹೇಳಿದರು. ದೇಹ ಕಬ್ಬಿಣವನ್ನು ಹೊರಹಾಕಿ ಸಮ ಮಾಡಿಕೊಳ್ಳುವುದಿಲ್ಲ, ಒಳಗೆ ಬಿಡುವಾಗಲೇ ಅಳೆದು ಬಿಡುತ್ತದೆ ಅಂತ. ದೊಡ್ಡವರ ಮೈಯಲ್ಲಿ ಒಟ್ಟು 3ರಿಂದ 4 ಗ್ರಾಂ ಕಬ್ಬಿಣ ಇದೆ. ಒಂದು ಸಣ್ಣ ಮೊಳೆಯಷ್ಟು. ದಿನಕ್ಕೆ ಒಳಗೆ ಬರುವುದು 1ರಿಂದ 2 ಮಿಲಿಗ್ರಾಂ. ಹೋಗುವುದೂ ಅಷ್ಟೇ, ಉದುರುವ ಚರ್ಮದಲ್ಲಿ, ಕರುಳಿನ ಒಳಪದರದಲ್ಲಿ. ಹೆಂಗಸರಿಗೆ ಮುಟ್ಟಿನಲ್ಲಿ ಹೋಗುವುದು ಇದರ ಮೇಲೆ. ಎರಡು ಮಿಲಿಲೀಟರ್ ರಕ್ತ ಹೋದರೆ ಸುಮಾರು ಒಂದು ಮಿಲಿಗ್ರಾಂ ಕಬ್ಬಿಣ ಹೋದ ಹಾಗೆ. ಹೊಸ ಕಣ ಮಾಡಲು ಬೇಕಾಗುವ ದಿನದ 20ರಿಂದ 25 ಮಿಲಿಗ್ರಾಂ ಎಲ್ಲಿಂದ ಬರುತ್ತದೆ ಗೊತ್ತಾ? 120 ದಿನ ಓಡಾಡಿ ಮುದಿಯಾದ ಕಣಗಳನ್ನು ಗುಲ್ಮ ಒಡೆದು, ಅದೇ ಕಬ್ಬಿಣವನ್ನು ಮತ್ತೆ ಮಜ್ಜೆಗೆ ಕಳಿಸುತ್ತದೆ. ಹಳೆಯ ಬಂಗಾರ ಕರಗಿಸಿ ಹೊಸ ಒಡವೆ ಮಾಡಿಸಿದ ಹಾಗೆ.

ಹಾಗಾದರೆ ಎಷ್ಟು ಒಳಗೆ ಬಿಡಬೇಕು ಅಂತ ಅಳೆಯುವವರು ಯಾರು? ಇದು ಗೊತ್ತಾಗಿದ್ದು ತೀರಾ ಇತ್ತೀಚೆಗೆ. ನಾನು ಓದುವಾಗ ನಮ್ಮ ಪುಸ್ತಕದಲ್ಲಿ ಇರಲಿಲ್ಲ. ಲಾಸ್ ಏಂಜಲೀಸ್‌ನ ಟೋಮಸ್ ಗಾಂಜ್ ಅವರ ತಂಡ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಪುಟ್ಟ ಪ್ರೋಟೀನ್‌ಗಳನ್ನು ಹುಡುಕುತ್ತಿತ್ತು. ಮನುಷ್ಯರ ಮೂತ್ರದಲ್ಲಿ ಒಂದು ಸಿಕ್ಕಿತು. ಯಕೃತ್ತಿನಲ್ಲಿ ತಯಾರಾಗುತ್ತಿತ್ತು. ಹೆಪ್ಸಿಡಿನ್ ಅಂತ ಹೆಸರಿಟ್ಟು 2001ರಲ್ಲಿ ಪ್ರಕಟಿಸಿದರು. ಅದೇ ವರ್ಷ ಪ್ಯಾರಿಸ್‌ನಲ್ಲಿ ಸೋಫಿ ವೊಲೊಂ ಅವರ ತಂಡ ಬೇರೆಯೇ ಕೆಲಸಕ್ಕೆ ಇಲಿಗಳಲ್ಲಿ ಒಂದು ಜೀನ್ ತೆಗೆದುಹಾಕಿತ್ತು. ನೋಡಿದರೆ ಆ ಇಲಿಗಳ ಯಕೃತ್ತು, ಮೇದೋಜೀರಕ ಗ್ರಂಥಿ ತುಂಬಾ ಕಬ್ಬಿಣ! ಪಕ್ಕದ ಹೆಪ್ಸಿಡಿನ್ ಜೀನ್ ಕೂಡ ಅವರಿಗೆ ಗೊತ್ತಿಲ್ಲದೆ ಮೌನವಾಗಿತ್ತು. ಮುಂದಿನ ವರ್ಷ ಅವರೇ ಹೆಪ್ಸಿಡಿನ್ ವಿಪರೀತ ಜಾಸ್ತಿ ಇರುವ ಇಲಿಗಳನ್ನು ಮಾಡಿದರು. ಮರಿಗಳು ಬಿಳುಚಿಕೊಂಡು ಹುಟ್ಟಿದವು, ಹುಟ್ಟಿದ ಕೆಲವೇ ಗಂಟೆಗಳಲ್ಲಿ ಹೆಚ್ಚಿನವು ಸತ್ತವು. ಕಬ್ಬಿಣ ಸಿಗದೆ. 2004ರಲ್ಲಿ ಎಲಿಜಬೆಟಾ ನೆಮೆತ್ ಮತ್ತು ಗಾಂಜ್ ಇದರ ಕೀಲಿ ಬಿಡಿಸಿದರು. ಕರುಳಿನ ಕೋಶದಿಂದಲೂ, ಗುಲ್ಮದ ಉಗ್ರಾಣದಿಂದಲೂ ಕಬ್ಬಿಣ ರಕ್ತಕ್ಕೆ ಇಳಿಯುವುದು ಫೆರೋಪೋರ್ಟಿನ್ ಅನ್ನುವ ಒಂದೇ ಬಗೆಯ ತೂಬಿನಿಂದ. ಹೆಪ್ಸಿಡಿನ್ ಬಂದು ಆ ತೂಬು ಮುಚ್ಚುತ್ತದೆ.

ನಮ್ಮ ಕಡೆ ಹಳ್ಳಿಯ ಕೆರೆಗೆ ನೀರಗಂಟಿ ಇರುತ್ತಿದ್ದರು, ಯಾವ ಗದ್ದೆಗೆ ಎಷ್ಟು ನೀರು ಅಂತ ನೋಡಿಕೊಳ್ಳಲು. ಹೆಪ್ಸಿಡಿನ್ ನಮ್ಮ ಮೈಯ ನೀರಗಂಟಿ. ಆದರೆ ಹಳ್ಳಿಯ ಕೆರೆಗೆ ಕೋಡಿ ಇರುತ್ತದೆ. ತುಂಬಿದರೆ ಹೊರಗೆ ಹರಿಯುತ್ತದೆ. ಕಬ್ಬಿಣದ ಕೆರೆಗೆ ಕೋಡಿ ಇಲ್ಲ. ಮಾತ್ರೆ ನುಂಗಿದರೆ ನೀರಗಂಟಿ ಸ್ವಲ್ಪವಾದರೂ ತಡೆಯುತ್ತಾನೆ. ಡ್ರಿಪ್ ಹಾಗಲ್ಲ. ಕೆಲವು ಡ್ರಿಪ್‌ಗಳಲ್ಲಿ ಒಂದೇ ಸಲಕ್ಕೆ 1000 ಮಿಲಿಗ್ರಾಂ ಕಬ್ಬಿಣ ನೇರ ರಕ್ತಕ್ಕೆ ಹೋಗುತ್ತದೆ, ಅವನನ್ನು ಕೇಳದೆ. ನಿಜವಾಗಿ ಕೊರತೆ ಇದ್ದು ಮಾತ್ರೆ ಹೊಂದದವರಿಗೆ, ಗರ್ಭದ ಕೊನೆಯ ತಿಂಗಳುಗಳಲ್ಲಿ ಹಿಮೋಗ್ಲೋಬಿನ್ ತೀರಾ ಇಳಿದವರಿಗೆ ಅದು ದೊಡ್ಡ ಉಪಕಾರ. ಫೆರಿಟಿನ್ 88 ಇರುವ ನಿಮಗೆ ಅಲ್ಲ.

ಥಲಸೀಮಿಯಾದಲ್ಲಿ ಇನ್ನೊಂದು ತೊಡಕಿದೆ. ಕಣ ಮಾಡಲು ಒದ್ದಾಡುವ ಮಜ್ಜೆ, ಕಬ್ಬಿಣ ಬಿಡು ಬಿಡು ಅಂತ ಯಕೃತ್ತಿಗೆ ಸಂದೇಶ ಕಳಿಸುತ್ತದೆ. ಆ ಸಂದೇಶ ಒಯ್ಯುವ ಹಾರ್ಮೋನಿಗೆ ಎರಿತ್ರೋಫೆರೋನ್ ಅಂತ ಹೆಸರು. ಸಿಕ್ಕಿದ್ದು 2014ರಲ್ಲಿ, ಅದೇ ಲಾಸ್ ಏಂಜಲೀಸ್ ತಂಡಕ್ಕೆ. ಹೆಪ್ಸಿಡಿನ್ ಇಳಿಯುತ್ತದೆ, ತೂಬು ತೆರೆಯುತ್ತದೆ. ಮೇಜರ್, ಅಂದರೆ ಎರಡೂ ಜೀನ್ ಸರಿಯಾಗಿ ಕೆಲಸ ಮಾಡದವರಲ್ಲಿ ಇದು ಜೋರು. ಮೈನರ್‌ನಲ್ಲಿ ಅಲ್ಪ, ಸಾಮಾನ್ಯವಾಗಿ ಏನೂ ತೊಂದರೆ ಆಗುವುದಿಲ್ಲ. ಆದರೂ ವರ್ಷಗಟ್ಟಲೆ ಸುಮ್ನೆ ಮಾತ್ರೆ ನುಂಗುವುದಕ್ಕೆ ಅರ್ಥ ಇಲ್ಲ. ಇಲ್ಲಿಯವರೆಗೆ ನುಂಗಿದ್ದರಿಂದ ನಿಮಗೆ ಹಾನಿ ಆಗಿಲ್ಲ. 88 ಅನ್ನುವುದು ಆರೋಗ್ಯವಾದ ಸಂಖ್ಯೆ.

ಕಬ್ಬಿಣವನ್ನು ಕಣ್ಣಾರೆ ನೋಡಬಹುದು. ಸೊಂಟದ ಮೂಳೆಯಿಂದ ತೆಗೆದ ಮಜ್ಜೆಯ ಒಂದು ಹನಿಯನ್ನು ಗಾಜಿನ ಮೇಲೆ ಸವರಿ, ಪೊಟ್ಯಾಶಿಯಂ ಫೆರೋಸಯನೈಡ್ ಮತ್ತು ಆಮ್ಲ ಹಾಕಿದರೆ ಕಬ್ಬಿಣ ಇರುವ ಕಡೆ ನೀಲಿ ಏಳುತ್ತದೆ. ಪರ್ಲ್ಸ್ ಎಂಬ ಜರ್ಮನ್ ವೈದ್ಯರ ಹೆಸರಿನ ವಿಧಾನ. ನೂರೈವತ್ತು ವರ್ಷ ಹಳೆಯದು, ಇವತ್ತಿಗೂ ಬಳಸುತ್ತೇವೆ. ಕಬ್ಬಿಣದ ಕೊರತೆ ಇರುವವರ ಗಾಜು ಪೂರ್ತಿ ತಿಳಿ ಗುಲಾಬಿ. ಎಷ್ಟು ಹುಡುಕಿದರೂ ಒಂದು ನೀಲಿ ಚುಕ್ಕಿ ಸಿಗುವುದಿಲ್ಲ. ಬಹಳ ದಿನದ ಸಂಧಿವಾತ, ಕ್ಷಯ ಇರುವವರ ಗಾಜಿನಲ್ಲಿ ಉಗ್ರಾಣದ ಕೋಶಗಳು ನೀಲಿ ತುಂಬಿ ಉಬ್ಬಿರುತ್ತವೆ. ಪಕ್ಕದಲ್ಲೇ ಇರುವ ಎಳೆಯ ಕೆಂಪು ಕಣಗಳಲ್ಲಿ ಮಾತ್ರ ನೀಲಿ ಕಾಣುವುದೇ ಕಷ್ಟ. ಉರಿಯೂತದಿಂದ ಹೆಪ್ಸಿಡಿನ್ ಏರಿ ತೂಬು ಮುಚ್ಚಿರುತ್ತದೆ. ಇವರಿಬ್ಬರ ಹಿಮೋಗ್ಲೋಬಿನ್ ಒಂದೇ 9 ಇರಬಹುದು. ಬೆರಳ ತುದಿ ಚುಚ್ಚಿ ನೋಡಿದರೆ ವ್ಯತ್ಯಾಸ ಗೊತ್ತಾಗುವುದೇ ಇಲ್ಲ. ಮೊದಲ ಸಲ ಈ ಎರಡು ಗಾಜನ್ನು ಒಂದರ ನಂತರ ಒಂದು ನೋಡಿದ ಮಧ್ಯಾಹ್ನ ನನಗೆ ಇನ್ನೂ ನೆನಪಿದೆ. ಆವತ್ತಿನಿಂದ ಹಿಮೋಗ್ಲೋಬಿನ್ ಒಂದನ್ನೇ ನೋಡಿ ಮಾತ್ರೆ ಬರೆಯಲು ನನಗೆ ಕೈ ಬರುವುದಿಲ್ಲ. ನಿಮಗೆ ಈ ಪರೀಕ್ಷೆ ಬೇಡ. ಫೆರಿಟಿನ್ ಸಾಕು.

ಈಗ ತಂಗಿ ವಿಷಯ. ಅವಳು 11.8ಕ್ಕೆ ಬಂದಳು ಅಂತ ಮಾತ್ರೆ ನಿಲ್ಲಿಸಿದ್ದರೆ ಮತ್ತೆ ಶುರು ಮಾಡಿಸಿ. ಹೆಂಗಸರಿಗೆ 12 ದಾಟಬೇಕು, ದಾಟಿದ ಮೇಲೂ ಉಗ್ರಾಣ ತುಂಬಲು ಎರಡು ಮೂರು ತಿಂಗಳು ಬೇಕು. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತದೆಯಾ ಅಂತಲೂ ಕೇಳಿ. ಹೋಗುತ್ತಿದ್ದರೆ ಮೂಲ ಅಲ್ಲೇ ಇದೆ, ಅದನ್ನು ತೋರಿಸಬೇಕು.

ನೀವು ಕಳಿಸಿದ ಕಾಗದದ ಮೂಲೆಯಲ್ಲಿ ಅಮ್ಮನ ಕೈಬರಹ ಇದೆ, "ಬೆಳಿಗ್ಗೆ ಕಾಫಿ ಆದ ಮೇಲೆ" ಅಂತ. ಪಾಪ, ಅವರು ಪ್ರೀತಿಯಿಂದಲೇ ಕೊಟ್ಟಿದ್ದಾರೆ. ಆದರೆ ಕಾಫಿ, ಟೀ ಎರಡೂ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತವೆ. ಇದನ್ನು ನಮ್ಮ ಊರಿನಲ್ಲೇ ಅಳೆದು ನೋಡಿದ್ದಾರೆ. ಕೋರಮಂಗಲದ ಸೇಂಟ್ ಜಾನ್ಸ್‌ನಲ್ಲಿ ಪ್ರಶಾಂತ್ ತಂಕಚ್ಚನ್, ಅನುರಾ ಕುರ್ಪಾಡ್ ಮತ್ತು ಜೊತೆಗಾರರು ಇಲ್ಲಿಯ ಯುವತಿಯರಿಗೆ ಅನ್ನದ ಊಟ ಕೊಟ್ಟರು. ಊಟದ ಕಬ್ಬಿಣಕ್ಕೆ ಗುರುತು ಹಾಕಿದ್ದರು, ತೂಕದಲ್ಲಿ ಸ್ವಲ್ಪ ಬೇರೆಯಾದ, ವಿಕಿರಣ ಇಲ್ಲದ ಕಬ್ಬಿಣ ಬಳಸಿ. ಎರಡು ವಾರ ಬಿಟ್ಟು ರಕ್ತ ತೆಗೆದು, ಆ ಗುರುತಿನ ಕಬ್ಬಿಣ ಎಷ್ಟು ಕೆಂಪು ಕಣ ಸೇರಿದೆ ಅಂತ ನೋಡಿದರು. ಊಟದ ಜೊತೆ ಒಂದು ಕಪ್ ಟೀ ಕುಡಿದವರಲ್ಲಿ ಹೀರಿಕೆ ಸುಮಾರು ಅರ್ಧಕ್ಕೆ ಇಳಿದಿತ್ತು. ಎರಡು ಕಪ್ ಕುಡಿದರೆ ಮೂರನೇ ಒಂದು ಪಾಲು ಮಾತ್ರ ಉಳಿದಿತ್ತು. ವಿಟಮಿನ್ ಸಿ ಸೇರಿಸಿದಾಗ ಹೀರಿಕೆ ಹಲವು ಪಟ್ಟು ಏರಿತು. ಕೊರತೆ ಇದ್ದವರು ಇಲ್ಲದವರಿಗಿಂತ ಜಾಸ್ತಿ ಹೀರಿಕೊಂಡರು, ಅದು ನೀರಗಂಟಿಯ ಕೆಲಸ. 2008ರಲ್ಲಿ ಪ್ರಕಟವಾದ ಈ ಅಧ್ಯಯನ ನನಗೆ ತುಂಬಾ ಇಷ್ಟ. ನಾವು ದಿನಾ ಉಣ್ಣುವ ಅನ್ನವನ್ನೇ ಇಟ್ಟುಕೊಂಡು ಮಾಡಿದ ಕೆಲಸ ಅದು.

ಹಾಗಾಗಿ ತಂಗಿ ಮಾತ್ರೆಗೂ ಕಾಫಿಗೂ ನಡುವೆ ಒಂದು ಒಂದೂವರೆ ಗಂಟೆ ಬಿಡಲಿ. ಹಾಲಿನ ಜೊತೆ ಬೇಡ, ಕ್ಯಾಲ್ಸಿಯಂ ಮಾತ್ರೆ ಜೊತೆ ಬೇಡ. ನಿಂಬೆ ಪಾನಕದ ಜೊತೆ ತಗೊಳ್ಳಲಿ. ಹೊಟ್ಟೆ ಕೆಡುತ್ತದೆ ಅಂತ ಅಂದರೆ ಡಾಕ್ಟರನ್ನು ಕೇಳಿ ದಿನ ಬಿಟ್ಟು ದಿನ ತಗೊಳ್ಳಬಹುದು. ಜೂರಿಕ್‌ನ ಡಿಯೆಗೊ ಮೊರೆಟ್ಟಿ ಮತ್ತು ಜೊತೆಗಾರರು 2015ರಲ್ಲಿ ತೋರಿಸಿದ ಹಾಗೆ, 60 ಮಿಲಿಗ್ರಾಂ ಕಬ್ಬಿಣ ನುಂಗಿದರೆ ಹೆಪ್ಸಿಡಿನ್ ಏರಿ ಸುಮಾರು ಒಂದು ದಿನ ಏರಿಯೇ ಇರುತ್ತದೆ. ಮರುದಿನದ ಮಾತ್ರೆಗೆ ತೂಬು ಅರ್ಧ ಮುಚ್ಚಿರುತ್ತದೆ. ಒಂದು ದಿನ ಬಿಟ್ಟರೆ ತೆರೆದುಕೊಳ್ಳುತ್ತದೆ. ಗರ್ಭಿಣಿಯರು ಮಾತ್ರ ಇದನ್ನು ತಾವಾಗಿ ಮಾಡಬಾರದು. ಅವರಿಗೆ ಡಾಕ್ಟರ್ ಹೇಳಿದಷ್ಟೇ.

ಬೀಟ್‌ರೂಟ್ ಜ್ಯೂಸ್, ದಾಳಿಂಬೆ ಬಗ್ಗೆ ಬರೆದಿದ್ದೀರಿ. ಕೆಂಪಗಿದೆ ಅಂತ ರಕ್ತ ಆಗುವುದಿಲ್ಲ. ಎರಡರಲ್ಲೂ ಕಬ್ಬಿಣ ಕಮ್ಮಿ. ರಾಗಿಯಲ್ಲಿ 100 ಗ್ರಾಂಗೆ 4ರಿಂದ 5 ಮಿಲಿಗ್ರಾಂ ಇದೆ, ಆದರೆ ಅದರಲ್ಲೇ ಇರುವ ಫೈಟೇಟ್ ಮತ್ತು ಟ್ಯಾನಿನ್ ಹಿಡಿದುಕೊಳ್ಳುತ್ತವೆ. ಮೊಳಕೆ ಕಟ್ಟಿದ ರಾಗಿ ಇದಕ್ಕಿಂತ ವಾಸಿ. ಮುದ್ದೆ ಬಿಡಬೇಡಿ, ಸಾರಿಗೆ ನಿಂಬೆ ಹಿಂಡಿಕೊಳ್ಳಿ. ಮಾಂಸ ತಿನ್ನುವ ಮನೆಯಾದರೆ ಅದರ ಕಬ್ಬಿಣ ಸಲೀಸಾಗಿ ಹತ್ತುತ್ತದೆ.

ಇನ್ನು ಮದುವೆ. ನಿಮ್ಮ ಪತ್ರದಲ್ಲಿ ಇದು ಒಂದೇ ಸಾಲು. ನನಗೆ ಇದೇ ದೊಡ್ಡ ವಿಷಯ.

ನೀವು ಈ ವಾರವೇ ಎಚ್‌ಪಿಎಲ್‌ಸಿ ಅನ್ನುವ ರಕ್ತಪರೀಕ್ಷೆ ಮಾಡಿಸಿ. ಊರಿನ ದೊಡ್ಡ ಲ್ಯಾಬ್‌ಗಳಲ್ಲೆಲ್ಲ ಆಗುತ್ತದೆ. ಅದರಲ್ಲಿ ಹಿಮೋಗ್ಲೋಬಿನ್ ಎ2 ಅಂತ ಒಂದು ಸಂಖ್ಯೆ ಬರುತ್ತದೆ. 3.5ಕ್ಕಿಂತ ಮೇಲೆ, ಸಾಮಾನ್ಯವಾಗಿ 4ರಿಂದ 6ರ ನಡುವೆ, ಬಂದರೆ ನೀವು ಬೀಟಾ ಥಲಸೀಮಿಯಾ ಮೈನರ್. ಗಡಿಯಲ್ಲಿ ಬಂದರೆ ಅಥವಾ ಪೂರ್ತಿ ಸರಿ ಬಂದರೆ ಜೀನ್ ಪರೀಕ್ಷೆ ಬೇಕಾಗಬಹುದು, ಆಲ್ಫಾ ಥಲಸೀಮಿಯಾ ಇದರಲ್ಲಿ ಸಿಕ್ಕಿಬೀಳುವುದಿಲ್ಲ. ಮೈನರ್ ಅಂತ ಬಂದರೆ ನಿಮ್ಮ ಹುಡುಗನೂ ಅದೇ ಪರೀಕ್ಷೆ ಮಾಡಿಸಬೇಕು. ಅವರು ಸರಿ ಇದ್ದರೆ ಮಕ್ಕಳಿಗೆ ಮೇಜರ್ ಬರುವ ಪ್ರಶ್ನೆಯೇ ಇಲ್ಲ. ಹೆಚ್ಚೆಂದರೆ ನಿಮ್ಮ ಹಾಗೆ ಮೈನರ್ ಆಗುತ್ತಾರೆ. ಅವರೂ ಮೈನರ್ ಇದ್ದರೆ, ಪ್ರತಿ ಸಲ ಗರ್ಭ ನಿಂತಾಗಲೂ ನಾಲ್ಕರಲ್ಲಿ ಒಂದು ಪಾಲು ಮಗು ಮೇಜರ್ ಆಗುವ ಸಾಧ್ಯತೆ. ಆಗಲೂ ಮದುವೆ ಮುರಿಯಬೇಕಾಗಿಲ್ಲ. ಗರ್ಭ ನಿಂತ 11ನೇ ವಾರದ ಹೊತ್ತಿಗೆ ಮಗುವಿಗೆ ಏನಿದೆ ಅಂತ ಪರೀಕ್ಷೆ ಮಾಡಿ ಹೇಳಬಹುದು. ಮೊದಲೇ ಗೊತ್ತಿರಬೇಕು, ಅಷ್ಟೇ.

ಗೊತ್ತಿಲ್ಲದೆ ಏನಾಗುತ್ತದೆ ಅಂತ ನಾನು ನೋಡಿದ್ದೇನೆ. ವರ್ಷಗಳ ಹಿಂದೆ ಒಂದು ದಂಪತಿ ಎಂಟು ತಿಂಗಳ ಮಗುವನ್ನು ಎತ್ತಿಕೊಂಡು ಬಂದರು. ಮಗು ಬಿಳುಚಿಕೊಂಡಿತ್ತು, ಹೊಟ್ಟೆ ಉಬ್ಬಿತ್ತು. ಥಲಸೀಮಿಯಾ ಮೇಜರ್. ತಾಯಿ ಚೀಲದಿಂದ ತಮ್ಮ ಹಳೆಯ ರಿಪೋರ್ಟ್ ತೆಗೆದರು. ಬಸುರಿ ಇದ್ದಾಗ ಎಂಸಿವಿ 63. ಪಕ್ಕದಲ್ಲಿ ಪೆನ್ನಿನಲ್ಲಿ ಐರನ್ ಮಾತ್ರೆ ದಿನಕ್ಕೆ ಎರಡು ಅಂತ ಬರೆದಿತ್ತು. ತಂದೆಗೂ ಯಾರೋ ಟಾನಿಕ್ ಬರೆದುಕೊಟ್ಟಿದ್ದರು. ಇಬ್ಬರ ಕೈಯಲ್ಲೂ ಉತ್ತರ ಇತ್ತು. ಯಾರೂ ಓದಿ ಹೇಳಲಿಲ್ಲ. ಆ ಮಗುವಿಗೆ ಎರಡು ಮೂರು ವಾರಕ್ಕೊಮ್ಮೆ ರಕ್ತ ಕೊಡಬೇಕು. ಒಂದೊಂದು ಚೀಲದಲ್ಲಿ 200ರಿಂದ 250 ಮಿಲಿಗ್ರಾಂ ಕಬ್ಬಿಣ. ಕೋಡಿ ಇಲ್ಲದ ಕೆರೆ ಅಂದೆನಲ್ಲ, ಆ ಕಬ್ಬಿಣ ಹೃದಯಕ್ಕೆ, ಯಕೃತ್ತಿಗೆ ಹೋಗಿ ಕೂರುತ್ತದೆ. ಅದನ್ನು ತೆಗೆಯಲು ಡೆಫೆರಾಸಿರಾಕ್ಸ್‌ನಂಥ ಮಾತ್ರೆ ದಿನಾ ಬೇಕು.

ನಿಮ್ಮ ಹುಡುಗನ ಮನೆಯಲ್ಲಿ ಹೇಗೆ ಹೇಳುವುದು ಅನ್ನುವ ಭಯ ನಿಮಗೆ ಇರಬಹುದು. ಹೆಣ್ಣಿನ ಕಡೆಯಿಂದ "ರಕ್ತದ ದೋಷ" ಅಂತ ಮಾತು ಹೊರಟರೆ ಎಲ್ಲಿಗೆ ಹೋಗುತ್ತದೆ ಅಂತ ನನಗೂ ಗೊತ್ತು. ಅದಕ್ಕೆ ಒಂದು ದಾರಿ ಹೇಳುತ್ತೇನೆ. ಮೊದಲು ನೀವಿಬ್ಬರೇ ಮಾತಾಡಿಕೊಳ್ಳಿ. ಮದುವೆಗೆ ಮುಂಚೆ ಇಬ್ಬರೂ ಒಟ್ಟಿಗೆ ರಕ್ತಪರೀಕ್ಷೆ ಮಾಡಿಸೋಣ ಅಂತ ಹೇಳಿ. ನಿಮಗೊಬ್ಬರಿಗೇ ಅಲ್ಲ, ಇಬ್ಬರಿಗೂ ಅಂದಾಗ ಯಾರ ಕಡೆಯ ತಪ್ಪು ಅನ್ನುವ ಮಾತೇ ಏಳುವುದಿಲ್ಲ. ಬೇಕಿದ್ದರೆ ಇಬ್ಬರೂ ನನ್ನ ಹತ್ತಿರ ಬನ್ನಿ, ಕೂತು ಹೇಳುತ್ತೇನೆ.

ಮುಂದೆ ಗರ್ಭಿಣಿಯಾದಾಗ ನೀವು ಮೈನರ್ ಅಂತ ಡಾಕ್ಟರಿಗೆ ಮೊದಲ ದಿನವೇ ತಿಳಿಸಿ. ಮೈನರ್ ಇದ್ದವರಿಗೂ ಕಬ್ಬಿಣ ಕಮ್ಮಿ ಆಗಬಹುದು. ಗರ್ಭದಲ್ಲಿ ಒಟ್ಟು ಸುಮಾರು ಒಂದು ಗ್ರಾಂ ಬೇಕು. ಆಗ ಫೆರಿಟಿನ್ ನೋಡಿಕೊಂಡು ಮಾತ್ರೆ ತಗೊಳ್ಳಿ, ಫೋಲಿಕ್ ಆಸಿಡ್ ತಪ್ಪಿಸಬೇಡಿ.

ಕೊನೆಗೆ ಇನ್ನಿಬ್ಬರು ಉಳಿದರು. ತಂಗಿಗೂ ಎಚ್‌ಪಿಎಲ್‌ಸಿ ಆಗಲಿ, ಆದರೆ ಈಗಲೇ ಬೇಡ. ಕಬ್ಬಿಣದ ಕೊರತೆ ಇರುವಾಗ ಎ2 ಸ್ವಲ್ಪ ಇಳಿದು ಸುಳ್ಳು ಹೇಳಬಹುದು. ಫೆರಿಟಿನ್ ತುಂಬಿದ ಮೇಲೆ ಮಾಡಿಸಿ. ಅಮ್ಮನದು ಮಾತ್ರ ನಿಮ್ಮ ಜೊತೆಗೇ ಆಗಲಿ. ನಿಮಗೆ ಈ ಗುಣ ಇದ್ದರೆ ಅದು ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಬಂದಿದೆ. ಮೊದಲಿನಿಂದ ರಕ್ತ ಕಮ್ಮಿ ಅಂತ ಹೇಳಿಸಿಕೊಂಡು ಬಂದ ಅವರಿಗೆ ಯಾಕೆ ಅಂತ ಯಾರೂ ಹೇಳಿರಲಿಕ್ಕಿಲ್ಲ. ಈ ಪರೀಕ್ಷೆಗೆ ಖಾಲಿ ಹೊಟ್ಟೆ ಬೇಕಾಗಿಲ್ಲ. ಅವರು ಕಾಫಿ ಕುಡಿದೇ ಬರಬಹುದು ಅಂತ ಹೇಳಿ.